ಬಲ ಬೇಕಾದದ್ದು ಅರ್ಜಿಗೋ, ತಿಜೋರಿಗೋ?

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ತಂದೆ ಗಿರಣಿಯ ಮಗ್ಗದ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಗಿರಣಿ ಬಾಗಿಲು ಹಾಕಿದ ಮೇಲೆ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟುಕೊಂಡವರು. ಮಗಳು ಬಿ.ಎಸ್‌ಸಿ. ಮುಗಿಸಿ, ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಐದು ವರ್ಷದಿಂದ ರಕ್ತ, ಕಫ, ಮೂತ್ರ ಪರೀಕ್ಷೆ ಮಾಡುತ್ತಿದ್ದಾಳೆ. ವಯಸ್ಸು ಇಪ್ಪತ್ತೆಂಟು, ಸಂಬಳ ತಿಂಗಳಿಗೆ ಹದಿನೆಂಟು ಸಾವಿರ. ಅವಳಿಗೆ ಡಾಕ್ಟರಾಗಬೇಕೆಂಬ ಹಂಬಲ. ಚಿಕ್ಕಂದಿನ ಹಂಬಲವಲ್ಲ, ಕೆಲಸ ಮಾಡುತ್ತ ಮಾಡುತ್ತ ಹುಟ್ಟಿದ ಹಂಬಲ. ಪರೀಕ್ಷೆಯ ಚೀಟಿಯಲ್ಲಿ ರೋಗ ಅಚ್ಚಾಗಿ ಕಾಣುತ್ತಿರುತ್ತದೆ. ಅದನ್ನು ಓದಿ ಹೇಳುವ ಡಾಕ್ಟರು ವಾರಕ್ಕೆ ಎರಡು ದಿನ ಮಾತ್ರ ಬರುತ್ತಾರೆ. ರೋಗಿ ಚೀಟಿ ಹಿಡಿದು ಬಾಗಿಲಲ್ಲಿ ಕೂತಿರುತ್ತಾನೆ. ಇದನ್ನು ಐದು ವರ್ಷ ನೋಡಿದವಳು ಅವಳು.

ಕೈಯಲ್ಲಿ ಒಂದು ಕರಪತ್ರವಿತ್ತು. ಬಣ್ಣದ ಕಾಗದ, ಬಿಳಿ ಕೋಟು ತೊಟ್ಟು ನಗುತ್ತಿರುವ ಹುಡುಗ. “ಪದವೀಧರರೆ, ವೃತ್ತಿ ಬದಲಿಸಿ! ನಿಮ್ಮ ವೈದ್ಯಕೀಯ ಅರ್ಜಿಗೆ ನಾವು ಬಲ ತುಂಬುತ್ತೇವೆ.” ಬಲದ ಬೆಲೆ ಎಪ್ಪತ್ತೈದು ಸಾವಿರ ರೂಪಾಯಿ, ಎರಡು ಕಂತಿನಲ್ಲಿ. “ಕಾಕಾ, ಇದನ್ನೊಂದಿಷ್ಟು ನೋಡಿ ಹೇಳ್ರಿ, ಕೊಡಬಹುದೇನು?” ಎಂದಳು. ಮೊದಲ ಕಂತಿಗೆ ಅಪ್ಪ ಅಂಗಡಿಯ ಸಾಮಾನಿನ ದುಡ್ಡು ತೆಗೆದಿಟ್ಟಿದ್ದರಂತೆ.

ಕೊಡಬೇಡ ತಾಯಿ ಎಂದೆವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೆಯುತ್ತೇವೆ, ಏಕೆಂದರೆ ಇಂಥ ಕರಪತ್ರ ಈಗ ನಮ್ಮ ಓಣಿಗಳಲ್ಲೂ ಹಂಚಿಕೆಯಾಗುತ್ತಿದೆ.

ಮೊದಲು ಈ ‘ಅರ್ಜಿಗೆ ಬಲ’ ಎಂಬ ಮಾತು ಎಲ್ಲಿಂದ ಬಂತು ನೋಡೋಣ. ಇದು ಅಮೆರಿಕದಿಂದ ಬಂದ ಸರಕು. ಆ ದೇಶದಲ್ಲಿ ವೈದ್ಯ ಶಿಕ್ಷಣಕ್ಕೆ ಹೋಗುವವರು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಒಂದು ಪದವಿ ಮುಗಿಸಿರುತ್ತಾರೆ. ಆ ಪದವಿ ಇತಿಹಾಸದ್ದಾಗಲಿ, ಸಂಗೀತದ್ದಾಗಲಿ, ಬೇಕಾದ ವಿಜ್ಞಾನದ ಪಾಠಗಳನ್ನು ಆಮೇಲೆ ಒಂದೆರಡು ವರ್ಷ ಓದಿ ಸೇರಿಸಿಕೊಳ್ಳಬಹುದು. ಆಮೇಲೆ ‘ಎಂಕ್ಯಾಟ್’ ಎಂಬ ಪ್ರವೇಶ ಪರೀಕ್ಷೆ. ಅಷ್ಟಕ್ಕೇ ಮುಗಿಯದು. ಅರ್ಜಿಯೊಡನೆ ತನ್ನ ಬಾಳಿನ ಕಥೆ ಬರೆಯಬೇಕು, ಗುರುಗಳ ಶಿಫಾರಸು ಪತ್ರ ತರಬೇಕು, ಡಾಕ್ಟರ ಹಿಂದೆ ನಿಂತು ಕೆಲಸ ನೋಡಿದ ಗಂಟೆ ಎಷ್ಟು, ರೋಗಿಗಳ ಸೇವೆ ಮಾಡಿದ ಗಂಟೆ ಎಷ್ಟು ಎಂದು ಲೆಕ್ಕ ಕೊಡಬೇಕು, ಕೊನೆಗೆ ಎದುರು ಕೂತು ಸಂದರ್ಶನ. ಇಷ್ಟನ್ನೂ ಚೆನ್ನಾಗಿ ಜೋಡಿಸುವುದಕ್ಕೆ ಅಲ್ಲಿ ‘ಅರ್ಜಿಗೆ ಬಲ ತುಂಬುವುದು’ ಎನ್ನುತ್ತಾರೆ. ಬ್ಯಾಂಕಿನ ಗುಮಾಸ್ತ, ಶಾಲೆಯ ಮಾಸ್ತರು ಮೂವತ್ತರ ಮೇಲೆ ಅಲ್ಲಿ ವೈದ್ಯರಾಗುವುದು ಅಪರೂಪದ ಸಂಗತಿಯಲ್ಲ.

ಅದನ್ನು ಸ್ವರ್ಗ ಎಂದು ನಾವು ಹೇಳುತ್ತಿಲ್ಲ. ಆ ಗಂಟೆಗಳಲ್ಲಿ ಎಷ್ಟೋ ಸಂಬಳವಿಲ್ಲದ ಗಂಟೆಗಳು. ಸಂಬಳವಿಲ್ಲದೆ ಆಸ್ಪತ್ರೆಯ ಮೂಲೆಯಲ್ಲಿ ನಿಂತು ನೋಡುವ ಬಿಡುವು ಯಾರಿಗಿರುತ್ತದೆ? ಮನೆಯ ಬಾಡಿಗೆಯನ್ನು ಅಪ್ಪ ಕಟ್ಟುವವನಿಗೆ. ಎಂಕ್ಯಾಟಿಗೆ ಮುನ್ನೂರಕ್ಕೂ ಹೆಚ್ಚು ಡಾಲರು, ಅದರ ಮೇಲೆ ಒಂದೊಂದು ಕಾಲೇಜಿನ ಅರ್ಜಿಗೂ ಬೇರೆ ಶುಲ್ಕ. ಬಡವರಿಗೆ ಶುಲ್ಕದಲ್ಲಿ ರಿಯಾಯಿತಿಯಿದೆ, ಬಿಡುವಿನಲ್ಲಿ ರಿಯಾಯಿತಿಯಿಲ್ಲ. ಬ್ರಿಟನ್ನಿನಲ್ಲಿ ಸಂಗತಿ ತುಸು ವಾಸಿ. ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯ ಶಾಲೆ 2000ರಲ್ಲಿ ಪದವೀಧರರಿಗಾಗಿಯೇ ನಾಲ್ಕು ವರ್ಷದ ವೈದ್ಯ ಶಿಕ್ಷಣ ಆರಂಭಿಸಿತು. ಯಾವ ವಿಷಯದ ಪದವೀಧರರೂ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಮುದುಕರ ಆರೈಕೆಯ ಮನೆಯಲ್ಲಿ ಸಂಬಳಕ್ಕೆ ದುಡಿದದ್ದನ್ನೂ ಅಲ್ಲಿ ಅನುಭವವೆಂದು ಒಪ್ಪುತ್ತಾರೆ. ದುಡಿಮೆ ಅಲ್ಲಿ ಅರ್ಜಿಯ ಮೇಲಿನ ಕಲೆಯಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಅರ್ಜಿಗೆ ಬಲ ತುಂಬುವ ಜಾಗವೇ ಇಲ್ಲ! ‘ನೀಟ್’ ಎಂಬ ಒಂದೇ ಪರೀಕ್ಷೆ, ಅದರಿಂದ ಬರುವ ಒಂದು ಸಂಖ್ಯೆ, ಮುಗಿಯಿತು. 2025ರಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಯಾದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆಯುತ್ತಾರೆ. ಆ ವರ್ಷ ಬರೆದವರು 22 ಲಕ್ಷಕ್ಕೂ ಮೇಲೆ. ನಮ್ಮ ಈ ಹೆಣ್ಣುಮಗಳು ಐದು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳ ತೋಳಿನಲ್ಲಿ ನೋವಾಗದಂತೆ ನರ ಹುಡುಕಿದ್ದಾಳೆ ಎಂದು ಕೇಳುವ ಕಲಮು ಆ ಅರ್ಜಿಯಲ್ಲಿ ಎಲ್ಲೂ ಇಲ್ಲ. ಶಿಫಾರಸು ಪತ್ರ ಯಾರಿಗೂ ಬೇಡ. ಬಾಳಿನ ಕಥೆ ಯಾರಿಗೂ ಬೇಡ. ಹಾಗಾದರೆ ಆ ಕರಪತ್ರದ ಮಹಾಶಯರು ಎಪ್ಪತ್ತೈದು ಸಾವಿರಕ್ಕೆ ತುಂಬುವ ಬಲ ಯಾವುದು? ಅರ್ಜಿ ನಮೂನೆ ತುಂಬಿ ಕೊಡುವುದು, ‘ಮ್ಯಾನೇಜ್‌ಮೆಂಟ್ ಸೀಟಿಗೆ ನಮಗೆ ಒಳಗಿನವರ ಪರಿಚಯವಿದೆ’ ಎಂದು ಕಿವಿಯಲ್ಲಿ ಪಿಸುಗುಟ್ಟುವುದು, ಇಷ್ಟೇ. ಖಾಸಗಿ ಸೀಟು ಸಹ ನೀಟ್ ಅಂಕದ ಮೇಲೆ ಸರ್ಕಾರದ ಕೌನ್ಸೆಲಿಂಗಿನಲ್ಲೇ ಹಂಚಿಕೆಯಾಗತಕ್ಕದ್ದು. ಪರಿಚಯ ಮಾರುವವನು ಗಾಳಿ ಮಾರುತ್ತಾನೆ.

ಪಟ್ಟಿ ಒಂದೇ ಆದರೆ ಅದೇ ನ್ಯಾಯವಲ್ಲವೆ, ಶಿಫಾರಸಿಗೆ ಜಾಗ ಕೊಟ್ಟರೆ ಪುಢಾರಿಗಳ ಮಕ್ಕಳೇ ಒಳಗೆ ಹೋಗುವುದಿಲ್ಲವೆ ಎಂದು ಕೇಳುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಅವರ ಅಂಜಿಕೆ ಸುಳ್ಳಲ್ಲ. ಶಿಫಾರಸು ಚೀಟಿಯ ರಾಜ್ಯವನ್ನು ನಮ್ಮಷ್ಟು ಕಂಡವರು ಯಾರು? ಆದರೆ ಒಂದೇ ಪಟ್ಟಿಯ ನ್ಯಾಯ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. 2024ರಲ್ಲಿ ಸಾಮಾನ್ಯ ವರ್ಗದವರು ನೀಟ್‌ನಲ್ಲಿ ಅರ್ಹರಾಗಲು ಬೇಕಾದದ್ದು 720ಕ್ಕೆ 162 ಅಂಕ. ಅದರ ಎರಡರಷ್ಟು, ಮೂರರಷ್ಟು ಅಂಕ ತೆಗೆದ ಬಡವನಿಗೆ ಸರ್ಕಾರಿ ಸೀಟು ಸಿಗಲಿಲ್ಲ. ಅವನು ಹೊರಗೇ ಉಳಿದ. ಅವನಿಗಿಂತ ಎಷ್ಟೋ ಕೆಳಗಿದ್ದು ಕೈತುಂಬ ದುಡ್ಡಿದ್ದವನು ಒಳಗೆ ಹೋದ. ಒಂದೇ ಪಟ್ಟಿ, ಎರಡು ಬಾಗಿಲು. ಇನ್ನೂ ಕೇಳಿ: 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿದಾಗ ಕೇಂದ್ರ ಸರ್ಕಾರ ಅರ್ಹತೆಯ ಮಟ್ಟವನ್ನು ಎಲ್ಲ ವರ್ಗಕ್ಕೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು. ಸೊನ್ನೆ! ಸೀಟು ಮಾರಾಟವಾಗದೆ ಉಳಿದಾಗ ಸೊನ್ನೆಯೂ ಯೋಗ್ಯತೆಯಾಗುತ್ತದೆ. ಬಡವನು ಬಾಗಿಲು ತಟ್ಟಿದಾಗ ಮಾತ್ರ ಯೋಗ್ಯತೆ ಹಿಮಾಲಯದ ಎತ್ತರಕ್ಕೆ ಏರುತ್ತದೆ. ಪರೀಕ್ಷೆಯ ಶುದ್ಧಿಯ ಮಾತಂತೂ ಬೇಡವೇ ಬೇಡ. 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿ, ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದು, ಕೃಪಾಂಕ ಪಡೆದ 1563 ಮಂದಿಗೆ ಅದನ್ನು ರದ್ದುಮಾಡಿ ಮರುಪರೀಕ್ಷೆಯ ಅವಕಾಶ ಕೊಟ್ಟ ಪ್ರಹಸನವನ್ನು ದೇಶವೆಲ್ಲ ನೋಡಿತು.

ಹಾಗೆಂದು ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ವೃತ್ತಿ ಬದಲಿಸುವ ಪದವೀಧರನಿಗೆ ಎರಡು ಅಗುಳಿ ತೆಗೆದಿದ್ದಾರೆ. 2017ರಲ್ಲಿ ಇಪ್ಪತ್ತೈದು ವರ್ಷ ದಾಟಿದ ಸಾಮಾನ್ಯ ವರ್ಗದವರು ನೀಟ್ ಬರೆಯಕೂಡದು ಎಂದು ನಿಯಮ ಹೊರಡಿಸಿದ್ದರು. ಮೀಸಲು ವರ್ಗದವರಿಗೆ ಮೂವತ್ತು. ಜನ ಕೋರ್ಟಿಗೆ ಹೋದರು, ವರ್ಷಗಟ್ಟಲೆ ಬಡಿದಾಡಿದರು. ಕೊನೆಗೆ 2021ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮೇಲಿನ ವಯೋಮಿತಿ ಬೇಡವೆಂದು ತೀರ್ಮಾನಿಸಿತು, 2022ರ ಮಾರ್ಚಿನಲ್ಲಿ ಅದು ಹೊರಬಿತ್ತು. ಎರಡನೆಯದು 2023ರ ನವೆಂಬರಿನದು: ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದದವರು, ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಿಂದ ಪಾಸು ಮಾಡಿದರೂ ನೀಟ್‌ಗೆ ಅರ್ಹರು. ಬಿ.ಕಾಂ. ಮಾಡಿ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಹುಡುಗನೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಆಮೇಲೆ ಕಟ್ಟಿ ಪಾಸಾದರೆ ಬಾಗಿಲು ತೆರೆದಿದೆ, ಕಾಗದದ ಮೇಲೆ.

ಬಾಗಿಲೇನೋ ತೆರೆದರು. ಮೆಟ್ಟಿಲು ಎಲ್ಲಿ?

ನಮ್ಮ ಹೆಣ್ಣುಮಗಳ ಲೆಕ್ಕವನ್ನೇ ಹಾಕಿ. ಅವಳು ರಾತ್ರಿ ಓದಿ ಸರ್ಕಾರಿ ಕಾಲೇಜಿನಲ್ಲೇ ಸೀಟು ಗಿಟ್ಟಿಸಿದಳು ಎನ್ನಿ. ಶುಲ್ಕ ವರ್ಷಕ್ಕೆ ಲಕ್ಷದೊಳಗೆ. ಆದರೆ ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಕೊನೆಯ ಆ ವರ್ಷ ಭತ್ಯೆ ಬರುತ್ತದೆ; ಮೊದಲ ನಾಲ್ಕೂವರೆ ವರ್ಷ ಒಂದು ಬಿಡಿಕಾಸು ಇಲ್ಲ. ಹದಿನೆಂಟು ಸಾವಿರದಂತೆ ಐವತ್ತನಾಲ್ಕು ತಿಂಗಳ ಸಂಬಳ ಒಂಬತ್ತು ಲಕ್ಷ ಎಪ್ಪತ್ತೆರಡು ಸಾವಿರ. ಮನೆಗೆ ಬರುತ್ತಿದ್ದ ಅಷ್ಟೂ ದುಡ್ಡು ನಿಂತಿತು. ಹದಿನೆಂಟರ ಹುಡುಗ ಓದಲು ಹೋದರೆ ಮನೆಗೆ ಖರ್ಚು ಬರುತ್ತದೆ. ಇಪ್ಪತ್ತೆಂಟರ ದುಡಿಯುವವಳು ಹೋದರೆ ಖರ್ಚೂ ಬರುತ್ತದೆ, ಆದಾಯವೂ ಹೋಗುತ್ತದೆ. ವೃತ್ತಿ ಬದಲಿಸುವ ಬಡ ಪದವೀಧರನ ಕೊರಳಿಗೆ ಬಿದ್ದಿರುವ ಕಲ್ಲು ಇದು. ಇದರ ಬಗ್ಗೆ ಯಾವ ಆಯೋಗವೂ ಸುತ್ತೋಲೆ ಹೊರಡಿಸಿಲ್ಲ.

ಸರ್ಕಾರಿ ಸೀಟು ಸಿಗದಿದ್ದರೆ? ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ. ಅದೂ ತಪ್ಪಿದರೆ ಖಾಸಗಿ ಸೀಟು: ಹತ್ತು ಹನ್ನೆರಡು ಲಕ್ಷ, ವರ್ಷಕ್ಕೆ! ಅನಿವಾಸಿಗಳ ಹೆಸರಿನ ಸೀಟಿನ ಮಾತು ಬಿಡಿ, ಅದು ಇದರ ಎಷ್ಟೋ ಪಟ್ಟು. ಓದು ಮುಗಿಯುವಷ್ಟರಲ್ಲಿ ಅರ್ಧ ಕೋಟಿ. ಗಿರಣಿಯ ಮಗ್ಗದ ಖಾತೆಯಲ್ಲಿ ಮನುಷ್ಯ ಎಷ್ಟು ಜನ್ಮ ದುಡಿದರೆ ಅರ್ಧ ಕೋಟಿಯಾಗುತ್ತದೆ ಎಂದು ಲೆಕ್ಕ ಹಾಕಲು ನಮಗೆ ಧೈರ್ಯವಿಲ್ಲ.

ಈ ಮಾರಾಟ ಇಂದಿನದಲ್ಲ. ಕ್ಯಾಪಿಟೇಷನ್ ಶುಲ್ಕದ ಹಾವಳಿ ತಾಳಲಾರದೆ ಕರ್ನಾಟಕವೇ 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆ ಮಾಡಿತು. ಆ ಕಾಯಿದೆಯ ಕೆಳಗೇ 1989ರಲ್ಲಿ ದರದ ಪಟ್ಟಿ ಹೊರಟಿತು: ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕರ್ನಾಟಕದವರಿಗೆ 25,000ದವರೆಗೆ, ಹೊರ ರಾಜ್ಯದವರಿಗೆ 60,000ದವರೆಗೆ. ಒಂದೇ ಬೆಂಚು, ಒಂದೇ ಪಾಠ, ಮೂವತ್ತು ಪಟ್ಟು ಬೆಲೆ. ಮೀರತ್ತಿನಿಂದ ಬಂದ ಒಬ್ಬ ವಿದ್ಯಾರ್ಥಿನಿ ಅರವತ್ತು ಸಾವಿರ ಕಟ್ಟಲಾಗದೆ ಸುಪ್ರೀಂ ಕೋರ್ಟಿಗೆ ಹೋದಳು. ಅದೇ 1992ರ ಮೋಹಿನಿ ಜೈನ್ ಮೊಕದ್ದಮೆ. ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಾಯಿತು. ನಮ್ಮ ಜನ ಹಿಗ್ಗಿದರು. ಮರುವರ್ಷ ಉಣ್ಣಿಕೃಷ್ಣನ್ ಮೊಕದ್ದಮೆಯಲ್ಲಿ ‘ಉಚಿತ ಸೀಟು’, ‘ಹಣ ಕಟ್ಟುವ ಸೀಟು’ ಎಂದು ಅರ್ಧರ್ಧ ಹಂಚಿಕೆ ಬಂತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಆ ಹಂಚಿಕೆಯೂ ಬಿದ್ದುಹೋಯಿತು. ಹೆಸರು ಬದಲಾಯಿತು, ರಸೀದಿಯ ಬಣ್ಣ ಬದಲಾಯಿತು, ಬೆಲೆ ಮಾತ್ರ ಇಳಿಯಲಿಲ್ಲ. ಇಲ್ಲಿ ಬೆಲೆ ಕಟ್ಟಲಾರದ ಮಕ್ಕಳು ಪರದೇಶಕ್ಕೆ ಹೋದರು. ಉಕ್ರೇನಿನ ಖಾರ್ಕಿವ್ ನಗರದಲ್ಲಿ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಸಿಕ್ಕಿ ಸತ್ತದ್ದು ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ. ಇಲ್ಲಿ ಸೀಟಿನ ಬೆಲೆ ಕಟ್ಟಲಾಗದೆ ಅಲ್ಲಿಗೆ ಕಳಿಸಿದೆವೆಂದು ಆ ತಂದೆ ಹೇಳಿದ ಮಾತನ್ನು ಮಂತ್ರಿಗಳು ಮರೆತಿರಬಹುದು, ನಾವು ಮರೆತಿಲ್ಲ.

ಈಗ ದೊಡ್ಡ ಮನುಷ್ಯರ ವಾದವೊಂದು ಉಳಿದಿದೆ. “ಇಪ್ಪತ್ತೆಂಟಕ್ಕೆ ಸೇರಿದವಳು ಡಾಕ್ಟರಾಗುವಷ್ಟರಲ್ಲಿ ಮೂವತ್ನಾಲ್ಕು. ಅಷ್ಟು ವರ್ಷದ ಸೇವೆ ದೇಶಕ್ಕೆ ನಷ್ಟ. ಸೀಟು ಹದಿನೆಂಟರವನಿಗೇ ಇರಲಿ.” ಆಹಾ, ದೇಶದ ನಷ್ಟದ ಚಿಂತೆ! ಹದಿನೆಂಟಕ್ಕೆ ಸೇರಿ, ಜನರ ತೆರಿಗೆಯಲ್ಲಿ ಓದಿ, ಇಪ್ಪತ್ತೈದಕ್ಕೆ ವಿಮಾನ ಹತ್ತಿದವನ ಸೇವೆಯ ಲೆಕ್ಕವನ್ನು ಇವರು ಎಂದಾದರೂ ಕೇಳಿದ್ದಾರೆಯೆ? ಮೂವತ್ನಾಲ್ಕರಿಂದ ಅರವತ್ತರವರೆಗೆ ಇಪ್ಪತ್ತಾರು ವರ್ಷ. ಇಪ್ಪತ್ತಾರು ವರ್ಷ ಒಬ್ಬ ಡಾಕ್ಟರು ತಾಲ್ಲೂಕು ಆಸ್ಪತ್ರೆಯಲ್ಲಿ ಕೂತರೆ ಆ ತಾಲ್ಲೂಕಿನವರು ಹಬ್ಬ ಮಾಡುತ್ತಾರೆ. ಊರಿನ ರೋಗವೂ ಗೊತ್ತು, ಊರಿನ ಮಾತೂ ಗೊತ್ತು, ಇಂಥವಳು ಓಡಿಹೋಗುವವಳಲ್ಲ.

ನಮ್ಮವರಲ್ಲೂ ಒಂದು ಕೆಟ್ಟ ಚಾಳಿಯಿದೆ, ಅದನ್ನೂ ಹೇಳಿಬಿಡುತ್ತೇವೆ. “ಕೆಲಸ ಇದೆಯಲ್ಲ, ಸಾಕು. ಮದುವೆಗೆ ಕೂಡಿಟ್ಟ ದುಡ್ಡನ್ನು ಓದಿಗೆ ಹಾಕುತ್ತಾರೆಯೆ?” ಎಂದು ಈ ಹೆಣ್ಣುಮಗಳಿಗೆ ಹೇಳಿದವರು ಧನಿಕರಲ್ಲ, ಅವಳ ಓಣಿಯವರೇ, ಅವರಲ್ಲಿ ಇಬ್ಬರು ನಮ್ಮ ಸಂಘದ ಸದಸ್ಯರು. ಮಗ ಇದೇ ಮಾತನ್ನು ಆಡಿದ್ದರೆ ಅವರು ಸಾಲಕ್ಕೆ ಜಾಮೀನು ನಿಲ್ಲುತ್ತಿದ್ದರು.

ಹಾಗಾದರೆ ನಾವು ಕೇಳುವುದೇನು? ಶಿಫಾರಸು ಚೀಟಿಯ ರಾಜ್ಯ ನಮಗೆ ಬೇಡ. ನೀಟ್ ಅಂಕ ಇರಲಿ, ಪಟ್ಟಿ ಇರಲಿ. ಆದರೆ ಆ ಪಟ್ಟಿಯೊಳಗೆ, ಆಸ್ಪತ್ರೆಗಳಲ್ಲಿ ಇಂತಿಷ್ಟು ವರ್ಷ ದುಡಿದ ದಾದಿಯರಿಗೆ, ಪ್ರಯೋಗಾಲಯದವರಿಗೆ, ಔಷಧ ವಿತರಕರಿಗೆ, ಆಶಾ ಕಾರ್ಯಕರ್ತೆಯರಿಗೆ ಸರ್ಕಾರಿ ಸೀಟುಗಳಲ್ಲಿ ಒಂದು ಪಾಲು ಮೀಸಲಾಗಲಿ. ಆ ಪಾಲಿಗೆ ಅವರೊಳಗೇ ಅಂಕದ ಮೇಲೆ ಆಯ್ಕೆಯಾಗಲಿ. ಸೇವಾ ಪುಸ್ತಕದಲ್ಲಿ ವರ್ಷ ಬರೆದಿರುತ್ತದೆ. ಅದಕ್ಕೆ ಪುಢಾರಿಯ ಸಹಿ ಬೇಕಾಗಿಲ್ಲ. ಆಯ್ಕೆಯಾದವರಿಗೆ ಓದುವಷ್ಟು ಕಾಲ ಅರ್ಧ ಸಂಬಳವಾದರೂ ಬರಲಿ. ಓದು ಮುಗಿದ ಮೇಲೆ ಅಷ್ಟೇ ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುವ ಕರಾರು ಬರೆಸಿಕೊಳ್ಳಲಿ.

ಇದು ಆಗದ ಮಾತೆನ್ನುವವರಿಗೆ ಎರಡು ಉತ್ತರ. ಒಂದು: ಸರ್ಕಾರಿ ಸೇವೆಯಲ್ಲಿರುವ ಡಾಕ್ಟರುಗಳಿಗೆ ಸ್ನಾತಕೋತ್ತರ ಸೀಟಿನಲ್ಲಿ ಪಾಲು ಕೊಡಲು ರಾಜ್ಯಗಳಿಗೆ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2020ರ ಆಗಸ್ಟಿನಲ್ಲಿ ಹೇಳಿದೆ. ಡಾಕ್ಟರ ಸೇವೆ ಲೆಕ್ಕಕ್ಕೆ ಬರಬಹುದಾದರೆ ದಾದಿಯ ಸೇವೆ ಏಕೆ ಬರಕೂಡದು? ಎರಡು: ನೆರೆಯ ತಮಿಳುನಾಡು 2020ರಲ್ಲಿ ಕಾಯಿದೆ ಮಾಡಿ, ನೀಟ್ ಪಾಸಾದ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ ಏಳೂವರೆ ಪಾಲು ಇಟ್ಟಿತು, ಅವರ ಶುಲ್ಕವನ್ನೂ ಸರ್ಕಾರವೇ ಹೊತ್ತಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ. ಹಿಂದೆ ಎಲ್.ಎಂ.ಪಿ. ಪಾಸಾಗಿ ಹಳ್ಳಿಗಳಲ್ಲಿ ವೈದ್ಯ ಮಾಡುತ್ತಿದ್ದವರಿಗೆ, ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಸಂಕ್ಷಿಪ್ತ ಓದಿನಿಂದ ಎಂ.ಬಿ.ಬಿ.ಎಸ್. ಆಗುವ ದಾರಿಯನ್ನು ಈ ದೇಶವೇ ಮಾಡಿಕೊಟ್ಟಿತ್ತು. ದುಡಿಯುತ್ತಿರುವವನನ್ನು ಮೇಲಕ್ಕೆತ್ತುವ ವಿದ್ಯೆ ನಮಗೆ ಹೊಸದಲ್ಲ, ಮರೆತದ್ದು.

ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕೆ? ಬೇಡ. ಈ ಹೆಣ್ಣುಮಗಳಂತೆ ಹಂಬಲವುಳ್ಳವರು ಈಗಲೇ ಮಾಡಬೇಕಾದ್ದಿದೆ. ಪಿ.ಯು.ಸಿ. ಅಂಕಪಟ್ಟಿ ತೆಗೆದು, ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಇವೆಯೆ ನೋಡಿ. ಮೂರು ವಿಜ್ಞಾನ ಸೇರಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ ಐವತ್ತು, ಮೀಸಲು ವರ್ಗಕ್ಕೆ ನಲವತ್ತು ಬೇಕು. ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ನೀಟ್ ಮಾತು. ಎಷ್ಟು ಸಲ ಬರೆಯಬಹುದೆಂಬುದಕ್ಕೆ ಮಿತಿಯಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಇಂಗ್ಲಿಷಿಗೆ ಹೆದರಿ ಹಿಂಜರಿಯಬೇಡಿ, ಅರ್ಜಿಯಲ್ಲೇ ಕನ್ನಡವನ್ನು ಆರಿಸಬೇಕು. ನೂರೆಂಬತ್ತು ಪ್ರಶ್ನೆಯಲ್ಲಿ ತೊಂಬತ್ತು ಜೀವಶಾಸ್ತ್ರದವು; ಆಸ್ಪತ್ರೆಯಲ್ಲಿ ದುಡಿದವರಿಗೆ ಅಲ್ಲಿ ನೆಲೆ ಬೇಗ ಸಿಗುತ್ತದೆ. ಭೌತಶಾಸ್ತ್ರ ಕಷ್ಟ, ಅದಕ್ಕೇ ಹೆಚ್ಚು ಸಮಯ ಇಡಿ.

ಇನ್ನು ಹಳೆಯ ಕಾಗದಗಳು. ಹತ್ತು ವರ್ಷದ ಹಿಂದೆ ಶಾಲೆ ಬಿಟ್ಟವರು ಎಡವುವುದು ಇಲ್ಲೇ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲು, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲು ಇದೆ. ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆಯೂ ಬೇಕು. ಶಾಲೆಯ ಹೆಡ್‌ಮಾಸ್ತರರಿಂದ ವ್ಯಾಸಂಗ ಪತ್ರ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಹಾಕಿಸಬೇಕು. ಶಾಲೆಯೇ ಮುಚ್ಚಿದ್ದರೆ ಅದರ ದಾಖಲೆ ಎಲ್ಲಿಗೆ ಹೋಯಿತೆಂದು ಹುಡುಕುವುದಕ್ಕೇ ತಿಂಗಳು ಹಿಡಿಯುತ್ತದೆ. ಅರ್ಜಿಗೆ ನಿಜವಾದ ಬಲ ಇದರಲ್ಲಿದೆ, ಇದಕ್ಕೆ ಎಪ್ಪತ್ತೈದು ಸಾವಿರ ಬೇಡ, ಬಸ್ಸಿನ ಚಾರ್ಜು ಸಾಕು.

ಆ ಹೆಣ್ಣುಮಗಳು ಕರಪತ್ರವನ್ನು ನಮ್ಮ ಮೇಜಿನ ಮೇಲೇ ಬಿಟ್ಟುಹೋಗಿದ್ದಾಳೆ. ಅಪ್ಪನ ದುಡ್ಡು ಅಂಗಡಿಯ ಸಾಮಾನಿಗೆ ವಾಪಸು ಹೋಯಿತು. ಅವಳ ಶಾಲೆಯ ಪತ್ರಕ್ಕೆ ನಮ್ಮ ಕಾರ್ಯಕರ್ತರೊಬ್ಬರು ಸೋಮವಾರ ಅವಳೊಡನೆ ಹಳ್ಳಿಗೆ ಹೋಗುತ್ತಿದ್ದಾರೆ. ಮೇಲೆ ಹೇಳಿದ ಬೇಡಿಕೆಗಳ ಮನವಿ ಪತ್ರ ಕಚೇರಿಯಲ್ಲಿ ಸಿದ್ಧವಿದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬಂದು ಸಹಿ ಹಾಕಬಹುದು. ಬರುವಾಗ ಮನೆಯಲ್ಲಿ ಇಂಥ ಮಕ್ಕಳಿದ್ದರೆ ಅವರ ಅಂಕಪಟ್ಟಿಯನ್ನೂ ತನ್ನಿ, ಕೂತು ನೋಡೋಣ.